ಕಪ್ಪೆಗೆ ಎಷ್ಟು ಮೀಟರ್ ಬಫರ್ ಬೇಕು? ‘ಸರಾಸರಿ’ ಲೆಕ್ಕ ಮುಚ್ಚಿಡುವ ಸತ್ಯ

ಒಂದೇ ಕಟ್ಟೆಯ ಕಪ್ಪೆಗಳಲ್ಲಿ ಒಂದು ರಾತ್ರಿಯಿಡೀ ಕೂತಲ್ಲೇ ಕೂತಿರುತ್ತೆ, ಇನ್ನೊಂದು ಮೂರು ಹೊಲ ದಾಟಿ ಹೋಗುತ್ತೆ. ಕೆರೆ ಬಫರ್ ಬಗ್ಗೆ ನಾವು ಮಾಡೋ ರಾಜಕೀಯ ಚರ್ಚೆಗೆ ಈ ವ್ಯತ್ಯಾಸ ಯಾಕೆ ಮುಖ್ಯ?

ಉಯ್ಯಂಬಳ್ಳಿ ಹೋಬಳಿಯ ಕಡೆ ಸುದ್ದಿ ವಾಹಿನಿಗಳ ಕ್ಯಾಮೆರಾ ತಿರುಗೋದು ಬಹುತೇಕ ಒಂದೇ ಕಾರಣಕ್ಕೆ: ಮೇಕೆದಾಟು. ಕನಕಪುರ ತಾಲ್ಲೂಕಿನ ಈ ಭಾಗ ಕಾವೇರಿ ವನ್ಯಜೀವಿ ಧಾಮದ ಅಂಚಿನಲ್ಲಿದೆ. ಅರ್ಕಾವತಿ ಬಂದು ಕಾವೇರಿಗೆ ಸೇರುವ ಸಂಗಮ ಇರೋದೂ ಇಲ್ಲೇ. 2022ರ ಜನವರಿ 9ರಂದು ಕಾಂಗ್ರೆಸ್‌ನ ಮೇಕೆದಾಟು ಪಾದಯಾತ್ರೆ ಹೊರಟಿದ್ದು ಈ ಸಂಗಮದಿಂದ. 67.16 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟು, ಸುಮಾರು 5,000 ಹೆಕ್ಟೇರ್ ಮುಳುಗಡೆ, ಅದರಲ್ಲಿ ಬಹುಪಾಲು ಕಾಡು. ಈ ಅಂಕಿಗಳು ನಮಗೆಲ್ಲ ಬಾಯಿಪಾಠ ಆಗಿವೆ.

ಇದೇ ಹೋಬಳಿಯಲ್ಲಿ ಇನ್ನೊಂದು ಪಾದಯಾತ್ರೆ ಪ್ರತಿ ವರ್ಷ ನಡೆಯುತ್ತೆ. ಅದಕ್ಕೆ ಬ್ಯಾನರ್ ಇಲ್ಲ, ಪೊಲೀಸ್ ಬಂದೋಬಸ್ತ್ ಇಲ್ಲ. ಬೇಸಿಗೆಯ ಕೊನೆಗೆ ಒಂದೆರಡು ಜೋರು ಮಳೆ ಬಿದ್ದ ರಾತ್ರಿ ಕಲ್ಲಿನ ಸಂದಿ, ಬದುವಿನ ಬಿಲ, ಹಿಪ್ಪುನೇರಳೆ ತೋಟದ ತೇವದ ಮಣ್ಣಿನಿಂದ ಕಪ್ಪೆಗಳು ಎದ್ದು ಬರುತ್ತವೆ. ಕೆಲವು ಹತ್ತಿರದ ಗುಂಡಿಗೆ ಹೋಗುತ್ತವೆ, ಕೆಲವು ಊರಾಚೆಯ ಕೆರೆ ಕಡೆ ಹೊರಡುತ್ತವೆ. ಕೆಲವು ಎದ್ದ ಜಾಗ ಬಿಟ್ಟು ಕದಲೋದೇ ಇಲ್ಲ.

ಕೊನೆಯ ಆ ಎರಡು ಸಾಲಿನಲ್ಲಿರೋ ವ್ಯತ್ಯಾಸವೇ ಈ ಲೇಖನದ ವಿಷಯ. ಒಂದೇ ಜಾತಿ, ಒಂದೇ ಊರು, ಒಂದೇ ಮಳೆ ಇದ್ದರೂ ಒಂದೊಂದು ಕಪ್ಪೆಯ ರಾತ್ರಿ ಒಂದೊಂದು ಥರ. ಇದನ್ನು ಪ್ರಾಣಿಪ್ರಿಯರ ಕುತೂಹಲ ಅಂತ ಪಕ್ಕಕ್ಕಿಡೋ ಹಾಗಿಲ್ಲ. ಕೆರೆಯ ಸುತ್ತ ಎಷ್ಟು ಜಾಗ ಬಿಡಬೇಕು, ರಸ್ತೆಗೆ ಎಲ್ಲಿ ಮೋರಿ ಇಡಬೇಕು, ಪರಿಸರ ವರದಿಯಲ್ಲಿ ಏನು ಇರಬೇಕು ಅನ್ನೋ ತೀರ್ಮಾನಗಳು ಇದರ ಮೇಲೆ ನಿಂತಿವೆ.

ಮೊದಲು ಒಂದು ಸಣ್ಣ ಲೆಕ್ಕ

ಒಂದು ಕಟ್ಟೆಯ ಹತ್ತು ನೆಲಗಪ್ಪೆಗಳನ್ನು ಕಲ್ಪಿಸಿಕೊಳ್ಳಿ. ನೆಲಗಪ್ಪೆ ಅಂದ್ರೆ ಮೈಮೇಲೆ ಗಂಟುಗಂಟು ಇರೋ, ಬೀದಿದೀಪದ ಕೆಳಗೆ ಕೂತು ಹುಳ ನುಂಗೋ ನಮ್ಮ ಪರಿಚಯದ ಕಪ್ಪೆ. ಇವುಗಳಲ್ಲಿ ಎಂಟು ಒಂದು ರಾತ್ರಿಗೆ 20 ಮೀಟರ್ ಓಡಾಡಿದವು ಅಂದುಕೊಳ್ಳಿ. ಒಂಬತ್ತನೆಯದು 140 ಮೀಟರ್ ಹೋಯಿತು. ಹತ್ತನೆಯದು 700 ಮೀಟರ್ ಹೋಗಿ ಬೇರೆ ಕಟ್ಟೆ ಸೇರಿತು. ಒಟ್ಟು ಸಾವಿರ ಮೀಟರ್. ಹತ್ತರಿಂದ ಭಾಗಿಸಿದರೆ ಸರಾಸರಿ 100 ಮೀಟರ್.

ಈಗ ಹೇಳಿ, 100 ಮೀಟರ್ ನಡೆದ ಕಪ್ಪೆ ಯಾವುದು? ಒಂದೂ ಇಲ್ಲ. ಅದರ ಹತ್ತಿರಕ್ಕೂ ಹೆಚ್ಚು ಕಪ್ಪೆಗಳಿಲ್ಲ. ‘ಸರಾಸರಿ ಕಪ್ಪೆ’ ಎಕ್ಸೆಲ್ ಶೀಟ್‌ನಲ್ಲಿ ಮಾತ್ರ ಬದುಕಿರುತ್ತೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಈ ಕಟ್ಟೆಯ ಸುತ್ತ 30 ಮೀಟರ್ ಬಿಟ್ಟು ಆಮೇಲೆ ಕಾಂಪೌಂಡ್ ಕಟ್ಟಿದರೆ, ‘ಶೇ. 80ರಷ್ಟು ಕಪ್ಪೆಗಳಿಗೆ ಏನೂ ತೊಂದರೆ ಇಲ್ಲ’ ಅಂತ ಒಬ್ಬ ಅಧಿಕಾರಿ ವರದಿ ಬರೆಯಬಹುದು. ಸುಳ್ಳೇನಲ್ಲ. ಆದರೆ ತೊಂದರೆಗೆ ಸಿಕ್ಕಿದ ಶೇ. 20 ಯಾವುವು? ಈ ಕಟ್ಟೆಯಿಂದ ಆ ಕಟ್ಟೆಗೆ ಹೋಗೋ ಕಪ್ಪೆಗಳು ಅವೇ. ಒಂದು ಬರಗಾಲಕ್ಕೆ ಈ ಕಟ್ಟೆ ಬತ್ತಿ ಇಲ್ಲಿನ ಕಪ್ಪೆಗಳು ಸತ್ತುಹೋದರೆ, ಮುಂದಿನ ಮಳೆಗೆ ಬೇರೆ ಕಡೆಯಿಂದ ಬಂದು ಮತ್ತೆ ಮೊಟ್ಟೆ ಇಡಬೇಕಾದ್ದೂ ಅಂಥ ದೂರ ನಡೆಯೋ ಕಪ್ಪೆಗಳೇ. ಶೇ. 80 ಉಳಿಸಿದ್ದೇವೆ ಅಂತ ಬೆನ್ನು ತಟ್ಟಿಕೊಳ್ಳುವಾಗ ಕಟ್ಟೆಗಳ ನಡುವಿನ ಸಂಬಂಧವನ್ನೇ ಕತ್ತರಿಸಿರ್ತೀವಿ.

ಇದು ಕಾಲ್ಪನಿಕ ಲೆಕ್ಕ. ನಿಜವಾದ ಕಪ್ಪೆಗಳು ಹೀಗೆ ಮಾಡ್ತಾವಾ?

ರಾತ್ರಿಯ ಜಾಡು ಹಿಡಿಯೋದು ಹೇಗೆ?

ಕಪ್ಪೆಯ ಚರ್ಮ ಉಸಿರಾಡುತ್ತೆ, ಅದೇ ಚರ್ಮದಿಂದ ನೀರು ಆವಿಯಾಗಿಯೂ ಹೋಗುತ್ತೆ. ಬಿಸಿಲಲ್ಲಿ ಹೊರಟರೆ ಒಣಗಿ ಸಾಯೋದೇ. ಹಾಗಾಗಿ ಓಡಾಟವೆಲ್ಲ ರಾತ್ರಿ, ಅದರಲ್ಲೂ ತೇವ ಇರೋ ರಾತ್ರಿ. ನಾವು ಬಾಯಲ್ಲಿ ನೀರು ಕುಡಿದರೆ ಅದು ಹೊಟ್ಟೆಯ ಕೆಳಭಾಗದ ಚರ್ಮದಿಂದ ಹೀರಿಕೊಳ್ಳುತ್ತೆ. ಪ್ರತಿ ರಾತ್ರಿಯೂ ಅದಕ್ಕೊಂದು ಬಜೆಟ್: ಹುಳ ಸಿಗಬೇಕು, ಸಂಗಾತಿ ಸಿಗಬೇಕು, ಬೆಳಗಾಗೋ ಮೊದಲು ತಂಪಾದ ಅಡಗುತಾಣ ಸೇರಬೇಕು, ಅಷ್ಟರೊಳಗೆ ಮೈಯ ನೀರು ಖಾಲಿಯಾಗಬಾರದು.

ಇದನ್ನು ಅಳೆಯೋಕೆ ವಿಜ್ಞಾನಿಗಳು ಹಲವು ಉಪಾಯ ಮಾಡಿದ್ದಾರೆ. ದೊಡ್ಡ ಕಪ್ಪೆಗಾದರೆ ಸೊಂಟಕ್ಕೆ ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಕಟ್ತಾರೆ. ಸಣ್ಣದಕ್ಕೆ ನೂಲಿನ ಉಂಡೆ ಅಂಟಿಸ್ತಾರೆ; ಅದು ನಡೆದಂತೆ ನೂಲು ಬಿಚ್ಚಿಕೊಂಡು ದಾರಿ ಉಳಿಯುತ್ತೆ. ಹೊಳೆಯೋ ಪುಡಿ ಹಚ್ಚಿ ನೇರಳಾತೀತ ದೀಪದಲ್ಲಿ ಜಾಡು ನೋಡೋದೂ ಇದೆ. ಸಾಕುನಾಯಿಗೆ ಹಾಕೋ ಥರದ ಮೈಕ್ರೋಚಿಪ್ ಚರ್ಮದಡಿ ಇಟ್ಟರೆ ವರ್ಷಗಳ ನಂತರ ಸಿಕ್ಕಾಗಲೂ ಗುರುತು ಹಿಡಿಯಬಹುದು. ಕೆಲವು ಜಾತಿಗಳಲ್ಲಿ ಮೈಮೇಲಿನ ಮಚ್ಚೆಗಳೇ ಬೆರಳಚ್ಚಿನ ಹಾಗೆ. ಒಂದು ಫೋಟೋ ಸಾಕು.

ಮುಖ್ಯವಾದ ಮಾತು ಇಷ್ಟು: ನೂರು ಕಪ್ಪೆಗಳನ್ನು ಒಂದೊಂದು ರಾತ್ರಿ ನೋಡಿದರೆ ಸರಾಸರಿ ಸಿಗುತ್ತೆ, ವ್ಯಕ್ತಿಗತ ವ್ಯತ್ಯಾಸ ಸಿಗೋದಿಲ್ಲ. ಅದಕ್ಕೆ ಅದೇ ಕಪ್ಪೆಯನ್ನು ಹಲವು ರಾತ್ರಿ ಹಿಂಬಾಲಿಸಬೇಕು.

ಕೆನಡಾದ ದಂಡೆಯಲ್ಲಿ ಕಂಡಿದ್ದು

ಕೆನಡಾದ ಒಂಟಾರಿಯೊದಲ್ಲಿ ಈರಿ ಸರೋವರದ ದಂಡೆಗೆ ಲಾಂಗ್ ಪಾಯಿಂಟ್ ಅಂತ ಒಂದು ಮರಳಿನ ಚಾಚು ಇದೆ. ಮೆಕ್‌ಗಿಲ್ ವಿಶ್ವವಿದ್ಯಾಲಯದ ಡೇವಿಡ್ ಗ್ರೀನ್ ಮತ್ತವರ ತಂಡ ಅಲ್ಲಿನ ಫೌಲರ್ಸ್ ನೆಲಗಪ್ಪೆಗಳನ್ನು ದಶಕಗಳಿಂದ ಗುರುತು ಮಾಡಿ ಅಧ್ಯಯನ ಮಾಡಿದೆ. ಹೆಚ್ಚಿನ ಕಪ್ಪೆಗಳು ಹಿಂದೆ ಸಿಕ್ಕ ಜಾಗದ ಹತ್ತಿರದಲ್ಲೇ ಮತ್ತೆ ಸಿಗುತ್ತಿದ್ದವು. ಅಲೆಕ್ಸ್ ಸ್ಮಿತ್ ಮತ್ತು ಗ್ರೀನ್ 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇನ್ನೊಂದು ತುದಿಯೂ ಇತ್ತು: ಸುಮಾರು 34 ಕಿಲೋಮೀಟರ್ ದೂರದವರೆಗೆ ಹೋದ ದಾಖಲೆ. ಅಂಗೈಯಲ್ಲಿ ಕೂರೋ ಪ್ರಾಣಿ ಕನಕಪುರದಿಂದ ಸಂಗಮದವರೆಗೆ ಹೋದ ಲೆಕ್ಕ ಅದು.

ಇದೇ ಇಬ್ಬರು 2005ರಲ್ಲಿ ಸುಮಾರು 90 ಜಾತಿಯ ಉಭಯವಾಸಿಗಳ ಮೇಲಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ್ದರು. ಅರ್ಧಕ್ಕೆ ಹತ್ತಿರದಷ್ಟು ಜಾತಿಗಳಲ್ಲಿ ದಾಖಲಾದ ಅತಿ ಹೆಚ್ಚಿನ ದೂರವೇ 400 ಮೀಟರ್ ಮೀರಿರಲಿಲ್ಲ. ಬೆರಳೆಣಿಕೆಯ ಜಾತಿಗಳು 10 ಕಿಲೋಮೀಟರ್ ದಾಟಿದ್ದವು. ‘ಕಪ್ಪೆ ದೂರ ಹೋಗಲ್ಲ’ ಅನ್ನೋ ಹಳೇ ನಂಬಿಕೆ ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಹೆಚ್ಚಿನವು ಹೋಗಲ್ಲ, ಕೆಲವು ಹೋಗುತ್ತವೆ. ಗ್ರಾಫ್ ಬಿಡಿಸಿದರೆ ಎಡಗಡೆ ದೊಡ್ಡ ಗುಡ್ಡ, ಬಲಗಡೆ ಉದ್ದಕ್ಕೂ ತೆಳ್ಳಗೆ ಎಳೆದ ಬಾಲ. ನಮ್ಮ ಕಾನೂನುಗಳು ಗುಡ್ಡ ನೋಡಿ ಬರೆದಂಥವು. ಬಾಲದ ಕಡೆ ಗಮನ ಹೋಗೋದಿಲ್ಲ.

ಅದೃಷ್ಟವೋ, ಸ್ವಭಾವವೋ?

ಇಲ್ಲಿ ಒಂದು ಎಚ್ಚರ ಬೇಕು. ಒಂದು ಕಪ್ಪೆ ದೂರ ಹೋಯಿತು ಅಂದ ಮಾತ್ರಕ್ಕೆ ಅದು ‘ಅಲೆಮಾರಿ ಸ್ವಭಾವದ್ದು’ ಅಂತ ಹೇಳೋಕಾಗಲ್ಲ. ಆ ರಾತ್ರಿ ಮಳೆ ಜೋರಾಗಿತ್ತೇನೋ. ಹೊಟ್ಟೆ ಹಸಿದಿತ್ತೇನೋ. ಗಂಡು ಕಟ್ಟೆಯ ಅಂಚಲ್ಲೇ ಕೂತು ಕೂಗುತ್ತೆ, ಹೆಣ್ಣು ಮೊಟ್ಟೆ ಇಟ್ಟು ಹೊರಟುಬಿಡುತ್ತೆ. ಆ ವ್ಯತ್ಯಾಸವೂ ಇರಬಹುದು. ಬರೀ ಆಕಸ್ಮಿಕವೂ ಇರಬಹುದು.

ಲಾಂಗ್ ಪಾಯಿಂಟ್‌ನ ಕಪ್ಪೆಗಳ ಮೇಲೆಯೇ 2017ರಲ್ಲಿ ಫಿಲಿಪ್ ಮಾರ್ಶಾಂ ಮತ್ತು ಸಂಗಡಿಗರು ಒಂದು ಗಣಿತದ ಮಾದರಿ ಕಟ್ಟಿದರು. ನಿಯಮ ಸರಳ: ಕಪ್ಪೆ ರಾತ್ರಿ ಅಲೆಯುತ್ತೆ, ಬೆಳಗಿನ ಹೊತ್ತಿಗೆ ಒಂದೋ ಹೊಸ ಅಡಗುತಾಣ ಹುಡುಕುತ್ತೆ, ಇಲ್ಲವೇ ಹಿಂದೆ ಬಳಸಿದ ಯಾವುದೋ ಒಂದಕ್ಕೆ ಮರಳುತ್ತೆ. ಇಷ್ಟನ್ನೇ ಕಂಪ್ಯೂಟರಿನಲ್ಲಿ ಓಡಿಸಿದರೆ ಎರಡೂ ಕಾಣಿಸುತ್ತವೆ: ಜಾಗ ಬಿಡದ ಕಪ್ಪೆಗಳು, ಕೆಲವೇ ಕೆಲವು ಬಹುದೂರ ಹೋದವು. ಅಂದರೆ ಎಲ್ಲ ಕಪ್ಪೆಗಳಿಗೂ ಒಂದೇ ನಿಯಮ ಇದ್ದರೂ ಫಲಿತಾಂಶ ತುಂಬಾ ಬೇರೆ ಬೇರೆ ಆಗಬಹುದು.

ಹಾಗಾದರೆ ಸ್ವಭಾವ ಅನ್ನೋದೇ ಇಲ್ವಾ? ಇದೆ, ಅದನ್ನೂ ಅಳೆದಿದ್ದಾರೆ. ಅದೇ ಪ್ರಾಣಿಯನ್ನು ಮತ್ತೆ ಮತ್ತೆ ಗಮನಿಸಿ, ಒಟ್ಟು ವ್ಯತ್ಯಾಸದಲ್ಲಿ ಎಷ್ಟು ಪಾಲು ‘ಯಾವ ಪ್ರಾಣಿ’ ಅನ್ನೋದರಿಂದ ಬಂತು, ಎಷ್ಟು ಪಾಲು ‘ಯಾವ ದಿನ’ ಅನ್ನೋದರಿಂದ ಬಂತು ಅಂತ ಬೇರ್ಪಡಿಸ್ತಾರೆ. ಈ ಪಾಲು ಸೊನ್ನೆ ಇದ್ದರೆ ಎಲ್ಲ ಪ್ರಾಣಿಗಳೂ ಒಂದೇ. ಒಂದು ಇದ್ದರೆ ಪ್ರತಿ ಪ್ರಾಣಿಯೂ ತನ್ನ ದಾರಿಯನ್ನು ಒಂಚೂರೂ ಬಿಡೋದಿಲ್ಲ. ಕೀಟದಿಂದ ಸಸ್ತನಿವರೆಗೆ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು 2009ರಲ್ಲಿ ಒಟ್ಟುಗೂಡಿಸಿದಾಗ ಸರಾಸರಿ ಸುಮಾರು 0.37 ಬಂತು. ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು.

ಉಭಯವಾಸಿಗಳಲ್ಲೂ ಇದಕ್ಕೆ ಸಾಕ್ಷ್ಯ ಇದೆ. ಅಮೆರಿಕದ ಕಾಡಿನ ಸಲಮಾಂಡರ್‌ಗಳ ಓಡಾಟದ ರೀತಿ ಪ್ರತಿ ಪ್ರಾಣಿಗೂ ತಕ್ಕಮಟ್ಟಿಗೆ ಸ್ಥಿರ ಅಂತ 2016ರ ಅಧ್ಯಯನವೊಂದು ತೋರಿಸಿತು. ಯುರೋಪಿನ ಕೆರೆಗಪ್ಪೆಗಳ ಮೇಲೆ ವಿಲ್ಸನ್ ಮತ್ತು ಕ್ರೌಸ್ 2012ರಲ್ಲಿ ಪ್ರಕಟಿಸಿದ್ದು ಇನ್ನೂ ಮಜವಾಗಿದೆ: ಗೊದಮೊಟ್ಟೆಯಾಗಿದ್ದಾಗ ಹೆಚ್ಚು ಚುರುಕಾಗಿ ಓಡಾಡಿ ಹೊಸ ಜಾಗ ಹುಡುಕುತ್ತಿದ್ದವು ಕಾಲು ಬಂದು ಕಪ್ಪೆಯಾದ ಮೇಲೂ ಅದೇ ಪ್ರವೃತ್ತಿ ಉಳಿಸಿಕೊಂಡಿದ್ದವು. ಬಾಲ ಹೋಯಿತು, ಕಿವಿರು ಹೋಯಿತು, ಆಹಾರ ಬದಲಾಯಿತು. ಚುರುಕುತನ ಹಾಗೇ ಉಳಿಯಿತು.

ಹೀಗಾಗಿ ಉತ್ತರ ಎರಡೂ: ಒಂದಿಷ್ಟು ಮಳೆ ಮತ್ತು ಅದೃಷ್ಟ, ಒಂದಿಷ್ಟು ಸ್ವಭಾವ. ನೀತಿ ಮಾಡೋರ ಮಟ್ಟಿಗೆ ಎರಡರಲ್ಲಿ ಯಾವುದಾದರೂ ಒಂದೇ. ದೂರ ಹೋಗೋ ಕಪ್ಪೆ ಪ್ರತಿ ಕಟ್ಟೆಯಲ್ಲೂ ಇರುತ್ತೆ, ಅದಕ್ಕೆ ದಾರಿ ಬೇಕು.

ಆ ಸ್ವಭಾವ ಮಕ್ಕಳಿಗೂ ಹೋದರೆ?

ಇದಕ್ಕೆ ಜಗತ್ತಿನ ಅತಿ ದೊಡ್ಡ ಉದಾಹರಣೆ ಆಸ್ಟ್ರೇಲಿಯಾದ್ದು. ಕಬ್ಬಿನ ಹುಳ ತಿನ್ನಲಿ ಅಂತ 1935ರಲ್ಲಿ ಹವಾಯಿಯಿಂದ ಸುಮಾರು ನೂರು ಕೇನ್ ಟೋಡ್‌ಗಳನ್ನು ಕ್ವೀನ್ಸ್‌ಲ್ಯಾಂಡಿಗೆ ತಂದರು. ಅವು ಹುಳ ತಿಂದಿದ್ದಕ್ಕಿಂತ ಜಾಸ್ತಿ ದೇಶ ಸುತ್ತಿದವು. ಮೊದಲ ದಶಕಗಳಲ್ಲಿ ವರ್ಷಕ್ಕೆ ಸುಮಾರು 10 ಕಿಲೋಮೀಟರ್ ಹರಡುತ್ತಿದ್ದ ಈ ಕಪ್ಪೆಗಳ ಮುಂಚೂಣಿ 2000ದ ದಶಕದ ಹೊತ್ತಿಗೆ ವರ್ಷಕ್ಕೆ 50 ಕಿಲೋಮೀಟರ್ ದಾಟಿತು. ವೇಗ ಹೆಚ್ಚಿದ್ದು ಹೇಗೆ?

ಬೆನ್ ಫಿಲಿಪ್ಸ್, ರಿಕ್ ಶೈನ್ ಮತ್ತಿತರರು ಡಾರ್ವಿನ್ ನಗರದ ಹತ್ತಿರ ಕಾದು ಕೂತು, ಬಂದ ಕಪ್ಪೆಗಳ ಕಾಲು ಅಳೆದರು. ಮೊದಲು ಬಂದ ಕಪ್ಪೆಗಳ ಕಾಲು ಆಮೇಲೆ ಬಂದವಕ್ಕಿಂತ ಉದ್ದ ಇತ್ತು. 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಬಂತು. ರೇಡಿಯೋ ಕಟ್ಟಿ ಹಿಂಬಾಲಿಸಿದಾಗ ಮುಂಚೂಣಿಯ ಕಪ್ಪೆಗಳು ಹೆಚ್ಚು ರಾತ್ರಿ ಪಯಣದಲ್ಲಿರುತ್ತವೆ, ಹೆಚ್ಚು ನೇರ ದಾರಿ ಹಿಡಿಯುತ್ತವೆ ಅನ್ನೋದೂ ಗೊತ್ತಾಯಿತು. ಬೇರೆ ಬೇರೆ ಕಡೆಯ ಕಪ್ಪೆಗಳ ಮರಿಗಳನ್ನು ಒಂದೇ ಜಾಗದಲ್ಲಿ ಬೆಳೆಸಿ ನೋಡಿದಾಗ ಮುಂಚೂಣಿಯ ತಂದೆತಾಯಿಯ ಮರಿಗಳು ಜಾಸ್ತಿ ದೂರ ಹೋದವು. ತುದಿಯಲ್ಲಿ ವೇಗದವು ವೇಗದವುಗಳ ಜೊತೆಯೇ ಕೂಡಿ ಮರಿ ಮಾಡುತ್ತಾ ಹೋದದ್ದರ ಫಲ ಅದು.

ಇದನ್ನು ತಿರುಗಿಸಿ ಯೋಚಿಸಿ. ಓಡಾಟದ ಪ್ರವೃತ್ತಿ ಸ್ವಲ್ಪವಾದರೂ ಆನುವಂಶಿಕ ಆಗಿದ್ದು, ನಾವು ಪ್ರತಿ ಮಳೆಗಾಲ ರಸ್ತೆ ಮೇಲೆ ದೂರ ಹೋಗೋ ಕಪ್ಪೆಗಳನ್ನೇ ಚಕ್ರಕ್ಕೆ ಹಾಕುತ್ತಿದ್ದರೆ ಏನಾಗುತ್ತೆ? ಕೂತಲ್ಲೇ ಕೂರೋ ಕಪ್ಪೆಗಳು ಉಳೀತವೆ. ಕಟ್ಟೆ ನೋಡಿದರೆ ಕಪ್ಪೆ ವಟಗುಟ್ಟುತ್ತಲೇ ಇರುತ್ತೆ, ಎಲ್ಲ ಸರಿಯಿದೆ ಅನ್ಸುತ್ತೆ. ಕಟ್ಟೆ ಬತ್ತಿದ ವರ್ಷ ಮಾತ್ರ ಎಲ್ಲಿಂದಲೂ ಯಾವುದೂ ಬರೋದಿಲ್ಲ. ಇದು ಆಸ್ಟ್ರೇಲಿಯಾದ ಪಾಠದಿಂದ ಮಾಡಿದ ತರ್ಕ. ಆದರೆ ಮುನ್ನೆಚ್ಚರಿಕೆಗೆ ಸಾಕಾಗುವಷ್ಟು ಗಟ್ಟಿ ತರ್ಕ.

ಈಗ ನಮ್ಮ ಕೆರೆ ಬಫರ್‌ಗೆ ಬರೋಣ

ಕರ್ನಾಟಕದಲ್ಲಿ ಕೆರೆ ಸುತ್ತಲಿನ ಬಫರ್ ಬಗ್ಗೆ ಹತ್ತು ವರ್ಷದಿಂದ ಹಗ್ಗಜಗ್ಗಾಟ ನಡೀತಿದೆ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಬಫರ್ ಅಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಶಾಸನಬದ್ಧ ಮಾಸ್ಟರ್ ಪ್ಲಾನ್ ಅನ್ನು ಹಾಗೆ ಬದಲಿಸೋ ಅಧಿಕಾರ ನ್ಯಾಯಮಂಡಳಿಗಿಲ್ಲ ಅನ್ನೋದು ಕಾರಣ. ಮತ್ತೆ 30 ಮೀಟರ್‌ಗೆ ಬಂದೆವು. ರಾಜ್ಯದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆಯಲ್ಲಿದ್ದದ್ದೂ 30 ಮೀಟರ್. 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಈ ಕಾಯ್ದೆಗೆ ತಿದ್ದುಪಡಿ ಮಸೂದೆ ಅಂಗೀಕರಿಸಿತು. ಅದರ ಸೂತ್ರ: ಕೆರೆ ದೊಡ್ಡದಾದಷ್ಟೂ ಬಫರ್ ದೊಡ್ಡದು. 100 ಎಕರೆ ದಾಟಿದ್ದಕ್ಕೆ 30 ಮೀಟರ್, ಒಂದು ಎಕರೆಯೊಳಗಿನದಕ್ಕೆ 3 ಮೀಟರ್, 5 ಗುಂಟೆಯೊಳಗಿನದಕ್ಕೆ ಬಫರ್ರೇ ಇಲ್ಲ.

ಕೇಳೋಕೆ ತರ್ಕಬದ್ಧ ಅನ್ಸುತ್ತೆ ಅಲ್ವಾ? ಚಿಕ್ಕ ಕೆರೆಗೆ ಚಿಕ್ಕ ಬಫರ್. ಕಪ್ಪೆಯ ಕಡೆಯಿಂದ ನೋಡಿದರೆ ಇದು ತಲೆಕೆಳಗು.

ಮೊದಲನೆಯದಾಗಿ, ಕಪ್ಪೆಯ ಕಾಲಿನ ಉದ್ದ ಕೆರೆಯ ವಿಸ್ತೀರ್ಣ ನೋಡಿ ನಿರ್ಧಾರ ಆಗಲ್ಲ. ರೇಮಂಡ್ ಸೆಮ್ಲಿಟ್ಷ್ ಮತ್ತು ರಸೆಲ್ ಬೋಡಿ 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಉಭಯವಾಸಿಗಳಿಗೆ ನೀರಿನ ಅಂಚಿನಿಂದ 159ರಿಂದ 290 ಮೀಟರ್‌ವರೆಗಿನ ನೆಲ ಬೇಕು ಅಂದರು. ನೆನಪಿಡಿ, ಇವೂ ಸರಾಸರಿ ತೆಗೆದ ಅಂಕಿಗಳೇ. ಬಾಲದ ತುದಿಯ ಕಪ್ಪೆಗಳು ಇದರಾಚೆಗೆ ಇವೆ. ಈ ಲೆಕ್ಕದ ಪಕ್ಕದಲ್ಲಿ 30 ಮೀಟರೇ ಸಣ್ಣದು. 3 ಮೀಟರ್ ಅಂದರೆ ಒಂದು ಕೋಣೆಯ ಅಗಲ.

ಎರಡನೆಯದಾಗಿ, ಕಪ್ಪೆಗೆ ಚಿಕ್ಕದೇ ಶ್ರೇಷ್ಠ ಅನ್ನೋ ಸಂದರ್ಭಗಳು ಬಹಳ. ದೊಡ್ಡ ಕೆರೆಯಲ್ಲಿ ವರ್ಷವಿಡೀ ನೀರು, ನೀರಿದ್ದರೆ ಮೀನು, ಮೀನಿದ್ದರೆ ಗೊದಮೊಟ್ಟೆಗೆ ಅಪಾಯ. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತೋ ಕುಂಟೆ, ಗುಂಡಿ, ಬಂಡೆ ಮೇಲಿನ ದೊಣೆಗಳಲ್ಲಿ ಮೀನಿಲ್ಲ. ಒಣ ನಾಡಿನ ಎಷ್ಟೋ ಕಪ್ಪೆಗಳು ಇಂಥ ನೀರನ್ನೇ ನಂಬಿವೆ. ಮಣ್ಣಿನೊಳಗೆ ಹೂತು ಕೂತು, ಮಳೆ ಬಂದಾಗ ಎದ್ದು, ಕೆಲವೇ ವಾರಗಳಲ್ಲಿ ಮರಿಗಳನ್ನು ದಡ ಸೇರಿಸುವ ಬಿಲಗಪ್ಪೆಗಳು ಅವು. ಅಂಥ ಬಿಲಗಪ್ಪೆಯ ಹೊಸ ಜಾತಿಯೊಂದನ್ನು ಬೆಂಗಳೂರಿನ ಹೊರವಲಯದಲ್ಲೇ ಗುರುತಿಸಿ 2020ರಲ್ಲಿ ‘ಸ್ಫೇರೋಥೀಕಾ ಬೆಂಗಳೂರು’ ಅಂತ ಹೆಸರಿಟ್ಟಿದ್ದಾರೆ. ನಗರದ ಅಂಚಿನ ಪಾಳು ಜಾಗ ಅಂತ ನಾವು ಕರೆಯೋ ಕಡೆ ವಿಜ್ಞಾನಕ್ಕೆ ಹೊಸದಾದ ಕಪ್ಪೆ ಇತ್ತು.

ಮೂರನೆಯದಾಗಿ, ಬತ್ತುವ ಗುಂಡಿಗಳ ಲೋಕ ನಿಂತಿರೋದೇ ಒಂದರಿಂದ ಒಂದಕ್ಕೆ ಹೋಗೋ ಕಪ್ಪೆಗಳ ಮೇಲೆ. ಈ ವರ್ಷ ಇಲ್ಲಿ ನೀರಿಲ್ಲ, ಅಲ್ಲಿದೆ. ಮುಂದಿನ ವರ್ಷ ಉಲ್ಟಾ. ಅತಿ ಕಡಿಮೆ ರಕ್ಷಣೆ ಕೊಟ್ಟಿರೋ ಜಾಗದಲ್ಲೇ ದೂರ ಹೋಗೋ ಕಪ್ಪೆಯ ಅಗತ್ಯ ಅತಿ ಹೆಚ್ಚು.

‘ಹಾಗಾದ್ರೆ ರೈತ ಏನು ಮಾಡ್ಬೇಕು?’

ನ್ಯಾಯವಾದ ಪ್ರಶ್ನೆ. ಪ್ರತಿ ಕುಂಟೆಯ ಸುತ್ತ 290 ಮೀಟರ್ ಬೇಲಿ ಹಾಕಿದರೆ ಉಯ್ಯಂಬಳ್ಳಿಯ ರಾಗಿ ಹೊಲ, ಹಿಪ್ಪುನೇರಳೆ, ಮಾವಿನ ತೋಟ ಎಲ್ಲ ಅದರೊಳಗೇ ಬರುತ್ತೆ. ಯಾರೂ ಅದನ್ನು ಕೇಳ್ತಿಲ್ಲ, ಕೇಳಲೂಬಾರದು. ಎರಡೆಕರೆ ಹೊಲದವರ ಮೇಲೆ ಸಂರಕ್ಷಣೆಯ ಖರ್ಚೆಲ್ಲ ಹೊರಿಸೋದು ಅನ್ಯಾಯ.

ಆದರೆ ಬಫರ್‌ನಲ್ಲಿ ತಡೆಯೋದು ಕಟ್ಟಡವನ್ನು, ಬೇಸಾಯವನ್ನಲ್ಲ. ಕಪ್ಪೆಗೂ ಬೇಸಾಯ ಗೋಡೆಯಲ್ಲ. ರಾಗಿ ಹೊಲ ದಾಟಬಹುದು, ಬದುವಿನ ಕಲ್ಲಿನಡಿ ಹಗಲು ಕಳೆಯಬಹುದು, ಹುಳ ತಿಂದು ರೈತರಿಗೆ ಉಪಕಾರವನ್ನೂ ಮಾಡಬಹುದು. ಕಪ್ಪೆ ಕಾಲಿನ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸಿದಾಗ ಹೊಲದ ಕೀಟ ಹೆಚ್ಚುತ್ತಿವೆ ಅನ್ನೋ ವಾದವೂ ಜೋರಾಗಿಯೇ ಇತ್ತು. ದಾಟೋಕಾಗದ್ದು ಲೇಔಟ್ ಕಾಂಪೌಂಡು, ಕಾಂಕ್ರೀಟ್ ಚರಂಡಿ, ಕಲ್ಲು ಕ್ವಾರಿಯ ಕಡಿದಾದ ಅಂಚು, ಅಗಲವಾದ ರಸ್ತೆ. ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಅಂತ ಹೆಸರು ಬದಲಾದಾಗ ಮುಂದಿಟ್ಟ ವಾದವೇ ಹೂಡಿಕೆ ಬರುತ್ತೆ, ಭೂಮಿಗೆ ಬೆಲೆ ಬರುತ್ತೆ ಅನ್ನೋದು. ಆ ಬೆಲೆ ಯಾವ ರೂಪದಲ್ಲಿ ಬರುತ್ತೆ ಅನ್ನೋದು ಕನಕಪುರ ರಸ್ತೆಯಲ್ಲಿ ಓಡಾಡೋ ಎಲ್ಲರಿಗೂ ಗೊತ್ತು. ಕಟ್ಟೆ ಪಕ್ಕದ ರೈತರನ್ನು ಮುಂದೆ ನಿಲ್ಲಿಸಿ ಬಫರ್ ಕಡಿಮೆ ಮಾಡಿದರೆ, ಜಾಗ ಸಿಗೋದು ಕೊನೆಗೆ ಯಾರಿಗೆ ಅಂತ ಕೇಳಬೇಕು.

ಹಾಗಾಗಿ ಬೇಡಿಕೆ ‘ಎಲ್ಲ ಕಡೆ ದೊಡ್ಡ ವೃತ್ತ’ ಅಲ್ಲ. ಬೇಡಿಕೆ ‘ದಾರಿ ಉಳಿಸಿ’ ಅಂತ: ಕಟ್ಟೆಯಿಂದ ಕಟ್ಟೆಗೆ ಹೋಗೋ ಹಳ್ಳ, ತೋಡು, ಬದು, ಗೋಮಾಳ. ಇವು ಹೇಗಿದ್ದರೂ ಗ್ರಾಮ ನಕ್ಷೆಯಲ್ಲಿ ಇವೆ, ಬಹಳಷ್ಟು ಸರ್ಕಾರಿ ಜಾಗವೂ ಹೌದು.

ರಸ್ತೆ ಮತ್ತು ಅಣೆಕಟ್ಟಿನ ವರದಿ

ರಸ್ತೆಯ ವಿಷಯದಲ್ಲಿ ನಮ್ಮಲ್ಲೇ ಆರಂಭ ಆಗಿದೆ. ಕೆ.ಎಸ್. ಶೇಷಾದ್ರಿ, ಅಮಿತ್ ಯಾದವ್, ಕೆ.ವಿ. ಗುರುರಾಜ ಅವರು ಶರಾವತಿ ಕಣಿವೆಯ ರಸ್ತೆಗಳಲ್ಲಿ ಸತ್ತ ಕಪ್ಪೆಗಳನ್ನು ಎಣಿಸಿ 2009ರಲ್ಲಿ ಪ್ರಬಂಧ ಪ್ರಕಟಿಸಿದರು. ಕಾಡು, ಹೊಲ, ನೀರಿನ ಪಕ್ಕ ಹೀಗೆ ನೆಲದ ಬಳಕೆಗೆ ತಕ್ಕಂತೆ ಸಾವನ್ನು ವಿಂಗಡಿಸಿ ನೋಡಿದರು. ಅದೇ 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ನಿಷೇಧ ಇದೆ. ಆ ಚರ್ಚೆಯಲ್ಲಿ ಆನೆ ಬರುತ್ತೆ, ಹುಲಿ ಬರುತ್ತೆ. ಕಪ್ಪೆ ಬರೋದಿಲ್ಲ. ಕಪ್ಪೆಗೆ ನಿಷೇಧವೂ ಬೇಕಿಲ್ಲ. ಮಳೆ ನೀರು ಹೋಗೋಕೆ ಅಂತ ಹೇಗೂ ಕಟ್ಟೋ ಮೋರಿಯನ್ನು ಸರಿಯಾದ ಜಾಗದಲ್ಲಿ, ತಳದಲ್ಲಿ ಮಣ್ಣು ಇರುವಂತೆ, ಕಪ್ಪೆಯನ್ನು ಅದರ ಬಾಯಿಗೆ ತಂದು ಬಿಡೋ ಗಿಡ್ಡ ಗೋಡೆಯ ಜೊತೆ ಕಟ್ಟಿದರೆ ಬಹಳ ಜೀವ ಉಳಿಯುತ್ತೆ. ‘ಸರಿಯಾದ ಜಾಗ’ ಎಲ್ಲಿ ಅಂತ ಹೇಳೋದೇ ರಾತ್ರಿಯ ಜಾಡು.

ಇನ್ನು ಮೇಕೆದಾಟು. ತಮಿಳುನಾಡಿನ ಆಕ್ಷೇಪ ಈ ಹಂತದಲ್ಲಿ ಅಕಾಲಿಕ ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದ ಮೇಲೆ ಯೋಜನಾ ವರದಿಯ ಕೆಲಸ ಮತ್ತೆ ಮುಂದೆ ಬಂದಿದೆ. ನೀರು ಬೇಕೋ ಬೇಡವೋ ಅನ್ನೋ ವಾದ ಬೇರೆ. ಅದನ್ನು ಇಲ್ಲಿ ತೀರ್ಮಾನಿಸೋಕಾಗಲ್ಲ. ಆದರೆ ಪರಿಸರ ಪರಿಣಾಮ ವರದಿ ಬಂದಾಗ ಉಭಯವಾಸಿಗಳ ಅಧ್ಯಾಯ ತೆಗೆದು ನೋಡಿ. ಇಂಥ ವರದಿಗಳಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತೆ: ಜಾತಿಯ ಹೆಸರು, ‘ಸಾಮಾನ್ಯ’, ‘ಅಪಾಯದಲ್ಲಿಲ್ಲ’. ಪಟ್ಟಿ ಹೇಳೋದು ಯಾರಿದ್ದಾರೆ ಅಂತ. ಯಾರು ಎಲ್ಲಿಂದ ಎಲ್ಲಿಗೆ ಹೋಗ್ತಾರೆ ಅಂತ ಹೇಳಲ್ಲ. ಕಣಿವೆಯ ಹಳ್ಳಗಳು ಮುಳುಗಿ, ನೀರಿನ ಅಂಚು ಋತುವಿಗೊಮ್ಮೆ ಮೇಲೆ ಕೆಳಗೆ ಸರಿಯೋ ಜಲಾಶಯ ಬಂದಾಗ, ಕೂತಲ್ಲೇ ಕೂರೋ ಕಪ್ಪೆಗಳಿಗೆ ಒಂದು ಪರಿಣಾಮ, ದೂರ ಹೋಗೋ ಕಪ್ಪೆಗಳಿಗೆ ಇನ್ನೊಂದು. ‘ಪ್ರಾಣಿಗಳು ಪಕ್ಕದ ಕಾಡಿಗೆ ತಾವೇ ಹೋಗುತ್ತವೆ’ ಅನ್ನೋ ಒಂದು ಸಾಲು ಅಲ್ಲಿದ್ದರೆ, ಅದು ಹತ್ತರಲ್ಲಿ ಎಷ್ಟು ಕಪ್ಪೆಯ ಬಗ್ಗೆ ಹೇಳ್ತಿದೆ ಅಂತ ಕೇಳಬಹುದು.

ನಾವೇನು ಮಾಡಬಹುದು?

ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು ಅಂತ 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತೆ. ನಿಮ್ಮ ಪಂಚಾಯಿತಿಯ ದಾಖಲಾತಿ ಕೇಳಿ ತೆಗೆಸಿ ನೋಡಿ. ಅದರಲ್ಲಿ ಕುಂಟೆ, ಗುಂಡಿಗಳ ಹೆಸರಿದೆಯಾ? ಕಪ್ಪೆ ರಸ್ತೆ ದಾಟೋ ಜಾಗ ಇದೆಯಾ? ಆ ಜಾಗ ಊರಿನ ಹಾಲಿನ ಡೇರಿಗೆ ಬೆಳಗಿನ ಜಾವ ಹೋಗೋರಿಗೆಲ್ಲ ಗೊತ್ತಿರುತ್ತೆ. ಕಾಗದದ ಮೇಲೆ ಮಾತ್ರ ಇರಲ್ಲ. ಬರೆಸಿ. ಕಾಗದದ ಮೇಲಿದ್ದರೆ ನಾಳೆ ಸಾರ್ವಜನಿಕ ಅಹವಾಲಿನಲ್ಲಿ ತೋರಿಸೋಕೆ ಬರುತ್ತೆ.

ಮಳೆ ರಾತ್ರಿ ಟಾರ್ಚ್ ಹಿಡಿದು ಊರ ಕಟ್ಟೆಯ ಹತ್ತಿರ ಹೋದರೆ, ಕಪ್ಪೆಯನ್ನು ಮುಟ್ಟದೆ ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಜಾಗ, ಸಮಯ ಬರೆದಿಡಿ. ಮುಂದಿನ ವಾರ ಮತ್ತೆ ಹೋಗಿ. ಮಚ್ಚೆ ಹೊಂದಿದರೆ ಅದೇ ಕಪ್ಪೆ. ಒಂದೇ ಕಪ್ಪೆಯ ಎರಡು ರಾತ್ರಿಯ ಮಾಹಿತಿ ಈ ವಿಷಯದಲ್ಲಿ ಇಪ್ಪತ್ತು ಕಪ್ಪೆಯ ಒಂದು ರಾತ್ರಿಗಿಂತ ಬೆಲೆಯುಳ್ಳದ್ದು. ಕಾವೇರಿ ಧಾಮದ ಒಳಗೆ ಅನುಮತಿ ಇಲ್ಲದೆ ಹೋಗಬೇಡಿ. ಕಾಡಂಚಿನ ಹೊಲಗಳಲ್ಲಿ ರಾತ್ರಿ ಆನೆ ಓಡಾಡುತ್ತೆ, ಊರಿನವರ ಮಾತು ಕೇಳಿಯೇ ಹೆಜ್ಜೆ ಇಡಿ.

ಮುಂದಿನ ಸಲ ಬಫರ್ ಬಗ್ಗೆ, ರಸ್ತೆ ಅಗಲೀಕರಣದ ಬಗ್ಗೆ, ಅಣೆಕಟ್ಟಿನ ಬಗ್ಗೆ ಸಭೆ ನಡೆದಾಗ ಯಾರಾದರೂ ‘ಸರಾಸರಿ’ ಅಂದರೆ ಎರಡು ಪ್ರಶ್ನೆ ಸಾಕು. ಎಷ್ಟು ಕಪ್ಪೆಗಳನ್ನು, ಎಷ್ಟು ರಾತ್ರಿ ನೋಡಿದಿರಿ? ಅವುಗಳಲ್ಲಿ ಅತಿ ದೂರ ಹೋದದ್ದು ಎಲ್ಲಿಗೆ ಹೋಯಿತು? ಎರಡನೆಯದಕ್ಕೆ ಉತ್ತರ ಇಲ್ಲದ ವರದಿಯನ್ನು ವಾಪಸ್ ಕಳಿಸಿ, ಮಳೆಗಾಲ ಮುಗಿದ ಮೇಲೆ ತನ್ನಿ ಅಂತ ಹೇಳಬೇಕು.